ಅಯಸೆ: ಎರಡು ರೈಲು ಕಂಪನಿಗಳ ಬದುವಿನ ಮೇಲಿನ ನಿಲ್ದಾಣ

ಓದಲೋ, ಕೆಲಸಕ್ಕೋ, ಸುತ್ತಾಡಲೋ ಟೋಕಿಯೊಗೆ ಹೊರಟವರು ಅಲ್ಲಿನ ರೈಲು ನಕ್ಷೆಯನ್ನು ಫೋನಿನಲ್ಲಿ ತೆರೆದರೆ ಮೊದಲು ಕಾಣುವುದು ಬಣ್ಣಬಣ್ಣದ ಗೆರೆಗಳ ಜಾಲ. ಗೆರೆಗಳು ಎಷ್ಟಿದ್ದರೂ ನಾಲ್ಕು ದಿನ ಓಡಾಡಿದರೆ ರೂಢಿಯಾಗುತ್ತವೆ. ನಿಜಕ್ಕೂ ಗೊಂದಲವಾಗುವುದು ಇನ್ನೊಂದು ವಿಷಯಕ್ಕೆ. ಕೂತ ರೈಲು ಅದೇ, ಕೂತ ಸೀಟೂ ಅದೇ, ಆದರೆ ನಡುದಾರಿಯಲ್ಲಿ ಲೈನಿನ ಹೆಸರು ಬದಲಾಗುತ್ತದೆ, ಕಂಪನಿ ಬದಲಾಗುತ್ತದೆ, ದುಡ್ಡಿನ ಲೆಕ್ಕವೂ ಬದಲಾಗುತ್ತದೆ. ಇಳಿದು ಹತ್ತುವ ಪ್ರಮೇಯವೇ ಇಲ್ಲದ್ದರಿಂದ ಇದು ಎಲ್ಲಿ ಆಯಿತು ಎಂಬುದು ಪ್ರಯಾಣಿಕರಿಗೆ ತಿಳಿಯುವುದೇ ಇಲ್ಲ.

ಆ ಬದಲಾವಣೆ ನಡೆಯುವ ಜಾಗಗಳಲ್ಲಿ ಒಂದು ಅಯಸೆ ನಿಲ್ದಾಣ. ಟೋಕಿಯೊ ಮಹಾನಗರದ ಈಶಾನ್ಯಕ್ಕೆ, ಅದಾಚಿ ಎಂಬ ವಾರ್ಡಿನಲ್ಲಿ, ಮನೆಗಳೇ ತುಂಬಿರುವ ಬಡಾವಣೆಗಳ ನಡುವೆ ಇದೆ. ನೋಡಲು ವಿಶೇಷವೇನಿಲ್ಲ, ಕಂಬಗಳ ಮೇಲೆ ಕಟ್ಟಿದ ಒಂದು ಸಾಮಾನ್ಯ ನಿಲ್ದಾಣ. ಆದರೆ ಜಪಾನಿನಲ್ಲಿ ಎರಡು ಕಂಪನಿಗಳು ಒಂದು ನಿಲ್ದಾಣವನ್ನು, ಒಂದು ಹಳಿಯನ್ನು ಹಂಚಿಕೊಳ್ಳುವುದೆಂದರೆ ಏನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇಲ್ಲಿ ಯಾರು ಯಾರು?

ಒಂದು ಕಡೆಯಿಂದ ಬರುವುದು ಜೆಆರ್ ಈಸ್ಟ್ ಕಂಪನಿಯ ಜೋಬಾನ್ ಲೈನ್. ಜಪಾನಿನ ಸರ್ಕಾರಿ ರೈಲ್ವೆಯನ್ನು 1987ರ ಏಪ್ರಿಲ್ 1ರಂದು ಒಡೆದು ಖಾಸಗೀಕರಣ ಮಾಡಿದಾಗ ಹುಟ್ಟಿದ ಕಂಪನಿಗಳಲ್ಲಿ ಜೆಆರ್ ಈಸ್ಟ್ ಒಂದು. ಇನ್ನೊಂದು ಕಡೆಯಿಂದ ಬರುವುದು ಟೋಕಿಯೊ ಮೆಟ್ರೋದ ಚಿಯೊದಾ ಲೈನ್. ಇದು ನಗರದ ಹೊಟ್ಟೆಯೊಳಗೆ ಸುರಂಗದಲ್ಲಿ ಸಾಗುವ ಲೈನು. ಟೋಕಿಯೊ ಮೆಟ್ರೋ ಎಂಬ ಹೆಸರು ಬಂದದ್ದು 2004ರಲ್ಲಿ. ಅದಕ್ಕೂ ಮೊದಲು ಜನ ಅದನ್ನು ಎಯ್ದಾನ್ ಎನ್ನುತ್ತಿದ್ದರು.

ಎರಡೂ ಲೈನು ಸೇರುವ ಜಾಗವೇ ಅಯಸೆ. ಹೊಲಗಳ ನಡುವಿನ ಬದು ಇದ್ದ ಹಾಗೆ. ಅಯಸೆಯಿಂದ ಪೂರ್ವಕ್ಕೆ ಕಮೆಯಾರಿ, ಕನಮಾಚಿ, ಮತ್ಸುದೊ, ಅಬಿಕೊ, ತೊರಿದೆಯವರೆಗೆ ಹಳಿ ಜೆಆರ್‌ನದು. ಪಶ್ಚಿಮಕ್ಕೆ ಕಿತಾ-ಸೆಂಜು, ನಿಶಿ-ನಿಪ್ಪೊರಿ, ಓತೆಮಾಚಿ ದಾಟಿ ಯೊಯೊಗಿ-ಉಯೆಹಾರದವರೆಗೆ ಹಳಿ ಮೆಟ್ರೋದ್ದು. ನಿಲ್ದಾಣ ನಡೆಸುವುದು, ಗೇಟು ಕಾಯುವುದು ಮೆಟ್ರೋದವರು. ಆದರೂ ದಾಖಲೆಯಲ್ಲಿ ಅಯಸೆ ಜೆಆರ್ ನಿಲ್ದಾಣವೂ ಹೌದು. ಮೆಟ್ರೋದ ಲೆಕ್ಕದಲ್ಲಿ ಅದರ ಸಂಖ್ಯೆ ಸಿ 19, ಜೆಆರ್ ಲೆಕ್ಕದಲ್ಲಿ ಜೆಎಲ್ 19.

ಚಿಯೊದಾ ಲೈನಿನ ಆಚೆ ತುದಿ ಯೊಯೊಗಿ-ಉಯೆಹಾರ ಇನ್ನೊಂದು ಬದು. ಅಲ್ಲಿಂದ ಮುಂದೆ ಒದಾಕ್ಯು ಎಂಬ ಖಾಸಗಿ ಕಂಪನಿಯ ಹಳಿ. ಹೀಗಾಗಿ ತೊರಿದೆಯಿಂದ ಒದಾಕ್ಯು ಲೈನಿನ ಹೊನ್-ಅತ್ಸುಗಿವರೆಗೆ 90 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಮೂರು ಕಂಪನಿಗಳ ಹಳಿ ಒಂದೇ ಸರದಂತೆ ಕೂಡಿಕೊಂಡಿದೆ.

ಒಬ್ಬರ ಹಳಿಯ ಮೇಲೆ ಇನ್ನೊಬ್ಬರ ರೈಲು

ಒಂದು ಕಂಪನಿಯ ರೈಲು ಗಡಿಯಲ್ಲಿ ನಿಂತು ಹಿಂದಿರುಗದೆ ಇನ್ನೊಂದು ಕಂಪನಿಯ ಹಳಿಗೆ ನೇರ ನುಗ್ಗುವುದಕ್ಕೆ ಇಂಗ್ಲಿಷಿನಲ್ಲಿ ಥ್ರೂ ಸರ್ವಿಸ್ ಎನ್ನುತ್ತಾರೆ. ಜಪಾನಿನಲ್ಲಿ ಇದು ಎರಡೂ ಕಡೆಯಿಂದ ನಡೆಯುತ್ತದೆ. ಜೆಆರ್ ರೈಲು ಮೆಟ್ರೋ ಸುರಂಗಕ್ಕೆ ಹೋಗುತ್ತದೆ, ಮೆಟ್ರೋ ರೈಲು ಜೆಆರ್ ಹಳಿ ಹಿಡಿದು ತೊರಿದೆಗೆ ಹೋಗುತ್ತದೆ.

ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಇದು ಆಗುವ ಕೆಲಸವಲ್ಲ. ಮೊದಲು ಹಳಿಗಳ ನಡುವಿನ ಅಂತರ ಒಂದೇ ಇರಬೇಕು. ಈ ಮೂರೂ ಕಂಪನಿಗಳದ್ದು 1,067 ಮಿಲಿಮೀಟರ್. ಕರೆಂಟು ಒಂದೇ ಇರಬೇಕು. ಇಲ್ಲಿ ಮೇಲಿನ ತಂತಿಯಲ್ಲಿ 1,500 ವೋಲ್ಟ್ ಡಿಸಿ. ಟೋಕಿಯೊ ಮೆಟ್ರೋದ್ದೇ ಆದ ಹಳೆಯ ಗಿಂಜಾ ಲೈನಿನ ಹಳಿ 1,435 ಮಿಲಿಮೀಟರ್, ಕರೆಂಟು ಬರುವುದು ಪಕ್ಕದ ಮೂರನೇ ಹಳಿಯಿಂದ, ಅದೂ 600 ವೋಲ್ಟ್. ಅಲ್ಲಿ ನೇರ ಓಡಾಟದ ಮಾತೇ ಏಳುವುದಿಲ್ಲ. ನಮ್ಮ ಬೆಂಗಳೂರಿನ ಮೆಟ್ರೋಗೂ ಭಾರತೀಯ ರೈಲ್ವೆಗೂ ಇರುವ ಅಡ್ಡಿ ಇದೇ. ಒಂದರದು 1,435 ಮಿಲಿಮೀಟರ್ ಹಳಿ, 750 ವೋಲ್ಟಿನ ಮೂರನೇ ಹಳಿ. ಇನ್ನೊಂದರದು 1,676 ಮಿಲಿಮೀಟರ್, 25,000 ವೋಲ್ಟಿನ ಮೇಲಿನ ತಂತಿ.

ಆಮೇಲೆ ರೈಲಿನ ಅಳತೆ. ಅಯಸೆಯಲ್ಲಿ ನೇರ ಓಡಾಟ ನಡೆಸುವ ಮೂರು ಕಂಪನಿಗಳ ರೈಲಿಗೂ 10 ಬೋಗಿ, ಒಂದೊಂದು ಬೋಗಿ 20 ಮೀಟರ್, ಪ್ರತಿ ಬದಿಗೆ ನಾಲ್ಕು ನಾಲ್ಕು ಬಾಗಿಲು. ಯಾರ ರೈಲು ಬಂದರೂ ಬಾಗಿಲು ಪ್ಲಾಟ್‌ಫಾರ್ಮಿನ ಒಂದೇ ಗುರುತಿಗೆ ಬಂದು ನಿಲ್ಲಬೇಕು.

ಅಗಲದ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಜೆಆರ್ ಈಸ್ಟ್ ಈ ಲೈನಿನಲ್ಲಿ ಓಡಿಸುವುದು ಇ233 ಮಾದರಿಯ 2000 ಸರಣಿ. ಇದೇ ಮಾದರಿಯ ರೈಲು ಟೋಕಿಯೊದ ಬೇರೆ ಜೆಆರ್ ಲೈನುಗಳಲ್ಲೂ ಇದೆ. ಅಲ್ಲಿ ಅದರ ಅಗಲ ಸುಮಾರು 2.95 ಮೀಟರ್, ಪಕ್ಕದ ಗೋಡೆ ಕೆಳಗೆ ಸ್ವಲ್ಪ ಒಳಕ್ಕೆ ಬಾಗಿ ಹೊಟ್ಟೆ ಉಬ್ಬಿದಂತೆ ಕಾಣುತ್ತದೆ. ಜೋಬಾನ್ ರೈಲಿನ ಅಗಲ ಸುಮಾರು 2.8 ಮೀಟರ್ ಮಾತ್ರ, ಗೋಡೆ ನೆಟ್ಟಗೆ. ಚಿಯೊದಾ ಸುರಂಗ ಅಷ್ಟಕ್ಕೇ ಜಾಗ ಕೊಡುತ್ತದೆ. ಮುಂಭಾಗದಲ್ಲಿ ಚಾಲಕನ ಪಕ್ಕಕ್ಕೆ ಒಂದು ಬಾಗಿಲೂ ಇದೆ. ಸುರಂಗದಲ್ಲಿ ಅವಘಡವಾದರೆ ಪಕ್ಕದ ಬಾಗಿಲಿಂದ ಇಳಿಯಲು ಗೋಡೆ ಅಡ್ಡವಾಗುತ್ತದೆ, ಆದ್ದರಿಂದ ಜನರನ್ನು ಮೂತಿಯ ಬಾಗಿಲಿಂದ ಹಳಿಗೆ ಇಳಿಸಬೇಕು. ಪ್ಲಾಟ್‌ಫಾರ್ಮಿನಲ್ಲಿ ನಿಂತು ರೈಲಿನ ಮೂತಿ ನೋಡಿದರೆ ಸಾಕು, ಇದು ಸುರಂಗಕ್ಕೆ ಹೋಗುವ ರೈಲು ಎಂದು ಹೇಳಬಹುದು.

ಕೊನೆಯದು ಸಿಗ್ನಲ್. ಮೆಟ್ರೋ ಮತ್ತು ಜೆಆರ್‌ನ ಈ ಭಾಗದಲ್ಲಿ ಎಟಿಸಿ ಎಂಬ ವ್ಯವಸ್ಥೆ ಇದೆ. ವೇಗದ ಮಿತಿ ಚಾಲಕನ ಮುಂದಿನ ಫಲಕದಲ್ಲೇ ಕಾಣುತ್ತದೆ, ಮೀರಿದರೆ ತಾನಾಗಿ ಬ್ರೇಕ್ ಬೀಳುತ್ತದೆ. ಒದಾಕ್ಯು ಬಳಸುವುದು ಡಿ-ಎಟಿಎಸ್-ಪಿ ಎಂಬ ಬೇರೆ ವ್ಯವಸ್ಥೆ. ಮೂರೂ ಕಡೆ ಓಡಬೇಕಾದ ರೈಲಿಗೆ ಎರಡೂ ಉಪಕರಣ ಬೇಕು. ಈ ಜೋಡಣೆ ಮುಗಿಯಲು ಹಿಡಿದ ಕಾಲ ಕಡಿಮೆಯದಲ್ಲ. ಚಿಯೊದಾ ಮತ್ತು ಒದಾಕ್ಯು ನಡುವೆ ನೇರ ಓಡಾಟ ಶುರುವಾದದ್ದು 1978ರಲ್ಲಿ. ಮೂರು ಕಂಪನಿಗಳ ರೈಲೂ ಮೂರೂ ಹಳಿಗಳಲ್ಲಿ ಓಡತೊಡಗಿದ್ದು 2016ರ ಮಾರ್ಚ್‌ನಲ್ಲಿ.

ಬಾಡಿಗೆಯ ಲೆಕ್ಕ: ಮುಯ್ಯಾಳು

ಒಬ್ಬರ ರೈಲು ಇನ್ನೊಬ್ಬರ ಹಳಿಯಲ್ಲಿ ಓಡಿದರೆ ದುಡ್ಡು ಯಾರು ಯಾರಿಗೆ ಕೊಡಬೇಕು? ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ನಾಲ್ಕು ಆಳು, ನಾಳೆ ನಮ್ಮ ಗದ್ದೆಗೆ ನಿಮ್ಮವರು ನಾಲ್ಕು. ಕೂಲಿ ಕೈಯಿಂದ ಕೈಗೆ ದಾಟುವುದಿಲ್ಲ, ದಿನಗಳ ಲೆಕ್ಕ ಸರಿದೂಗಿದರೆ ಸಾಕು.

ರೈಲು ಕಂಪನಿಗಳು ಎಣಿಸುವುದು ಆಳನ್ನಲ್ಲ, ಬೋಗಿ-ಕಿಲೋಮೀಟರನ್ನು. 10 ಬೋಗಿಯ ರೈಲು ಇನ್ನೊಬ್ಬರ ಹಳಿಯಲ್ಲಿ 20 ಕಿಲೋಮೀಟರ್ ಓಡಿದರೆ 200 ಬೋಗಿ-ಕಿಲೋಮೀಟರ್. ಜೆಆರ್ ಬೋಗಿಗಳು ಮೆಟ್ರೋ ಹಳಿಯಲ್ಲಿ ಎಷ್ಟು ಓಡುತ್ತವೋ ಮೆಟ್ರೋ ಬೋಗಿಗಳು ಜೆಆರ್ ಹಳಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಓಡುವಂತೆ ವೇಳಾಪಟ್ಟಿ ಹೆಣೆಯುತ್ತಾರೆ. ಯಾವ ರೈಲು ಯಾವ ಹೊತ್ತಿಗೆ ಎಲ್ಲಿಗೆ ಎಂಬ ದಿನದ ಲೆಕ್ಕದ ಹಿಂದೆ ಈ ತೂಗುವಿಕೆ ಯಾವಾಗಲೂ ಇರುತ್ತದೆ. ಪ್ರಯಾಣಿಕರು ಕೊಟ್ಟ ದರ ಮಾತ್ರ ಬೇರೆ ಖಾತೆ. ಅದು ಹಳಿ ಯಾರದೋ ಅವರಿಗೆ. ರೈಲಿನ ಮೇಲೆ ಯಾರ ಹೆಸರಿದೆ ಎಂಬುದಕ್ಕೂ ನೀವು ಕೊಡುವ ದುಡ್ಡಿಗೂ ಸಂಬಂಧವಿಲ್ಲ. ಹೊಸಬರು ತಪ್ಪು ತಿಳಿಯುವುದು ಇಲ್ಲೇ ಹೆಚ್ಚು.

ಆಳು ಸಮನಾಗಿದ್ದರೂ ಊಟ ಸಮನಾಗಿಲ್ಲದಿದ್ದರೆ ಕಿರಿಕಿರಿ ಇದ್ದದ್ದೇ. ಮೊದಮೊದಲು ಸರ್ಕಾರಿ ರೈಲ್ವೆ ಓಡಿಸಿದ 103 ಮಾದರಿಯ 1000 ಸರಣಿಯ ರೈಲುಗಳು ವೇಗ ಹೊಂದಿಸಲು ವಿದ್ಯುತ್ತನ್ನು ರೆಸಿಸ್ಟರುಗಳಲ್ಲಿ ಶಾಖವಾಗಿ ಸುಡುತ್ತಿದ್ದವು. ಬ್ರೇಕ್ ಹಾಕಿದಾಗಲೂ ಅಷ್ಟೇ. ಬಯಲಲ್ಲಿ ಆ ಶಾಖ ಗಾಳಿಗೆ ಹೋಗುತ್ತದೆ, ಸುರಂಗದಲ್ಲಿ ಹೋಗಲು ದಾರಿಯಿಲ್ಲ. ಅದೇ ಹೊತ್ತಿಗೆ ಎಯ್ದಾನ್‌ನ 6000 ಸರಣಿ ಚಾಪರ್ ಎಂಬ ಎಲೆಕ್ಟ್ರಾನಿಕ್ ನಿಯಂತ್ರಣದಿಂದ ಕರೆಂಟು ಉಳಿಸುತ್ತಿತ್ತು. ಸರ್ಕಾರಿ ರೈಲ್ವೆ ತನ್ನದೇ ಚಾಪರ್ ರೈಲು, 203 ಸರಣಿ, ತಂದದ್ದು 1982ರಲ್ಲಿ.

1971: ಈ ಬದು ಬಿದ್ದದ್ದು ಹೇಗೆ

ಅಯಸೆ ನಿಲ್ದಾಣ 1943ರಿಂದ ಇದೆ. ಆಗ ಅದು ಜೋಬಾನ್ ಲೈನಿನ ಮಾಮೂಲಿ ನಿಲ್ದಾಣ, ರೈಲು ನೇರ ನಗರದೊಳಗಿನ ಉಯೆನೊ ನಿಲ್ದಾಣಕ್ಕೆ ಹೋಗುತ್ತಿತ್ತು. 1960ರ ದಶಕದಲ್ಲಿ ಟೋಕಿಯೊದ ಹೊರವಲಯ ಬೆಳೆದ ವೇಗಕ್ಕೆ ಬೆಳಗಿನ ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಸರ್ಕಾರಿ ರೈಲ್ವೆ ಐದು ದಿಕ್ಕಿನ ಮುಖ್ಯ ಲೈನುಗಳಿಗೆ ಹೆಚ್ಚುವರಿ ಹಳಿ ಹಾಕುವ ದೊಡ್ಡ ಯೋಜನೆ ಹಿಡಿಯಿತು. ಜೋಬಾನ್ ಅವುಗಳಲ್ಲಿ ಒಂದು. ಎರಡು ಹಳಿ ನಾಲ್ಕಾಗಬೇಕು. ಆದರೆ ಕಿತಾ-ಸೆಂಜು ದಾಟಿ ಉಯೆನೊವರೆಗೆ ಕಿಕ್ಕಿರಿದ ನಗರದಲ್ಲಿ ಇನ್ನೆರಡು ಹಳಿಗೆ ಜಾಗ ಎಲ್ಲಿ?

ಆಗ ಎಯ್ದಾನ್ ಚಿಯೊದಾ ಲೈನನ್ನು ಕಟ್ಟುತ್ತಿತ್ತು. ಅದರ ಕಿತಾ-ಸೆಂಜು–ಓತೆಮಾಚಿ ಭಾಗ 1969ರ ಡಿಸೆಂಬರ್ 20ರಂದು ತೆರೆಯಿತು. ಜೋಬಾನ್‌ನ ನಿಧಾನದ ರೈಲುಗಳನ್ನು ಈ ಸುರಂಗಕ್ಕೆ ತಿರುಗಿಸೋಣ, ವೇಗದ ರೈಲುಗಳು ಹಳೆಯ ದಾರಿಯಲ್ಲಿ ಉಯೆನೊಗೆ ಹೋಗಲಿ ಎಂದು ತೀರ್ಮಾನವಾಯಿತು. 1971ರ ಏಪ್ರಿಲ್ 20ರಂದು ಅಯಸೆ–ಅಬಿಕೊ ನಡುವೆ ನಾಲ್ಕು ಹಳಿ ಸಿದ್ಧವಾದವು, ಕಿತಾ-ಸೆಂಜು–ಅಯಸೆ ನಡುವೆ ಚಿಯೊದಾ ಲೈನು ತೆರೆಯಿತು, ನೇರ ಓಡಾಟವೂ ಶುರುವಾಯಿತು. ನಿಶಿ-ನಿಪ್ಪೊರಿಯಲ್ಲಿ ಚಿಯೊದಾದಿಂದ ಬದಲಾಯಿಸಿಕೊಳ್ಳಲೆಂದು ಸರ್ಕಾರಿ ರೈಲ್ವೆಯ ಹೊಸ ನಿಲ್ದಾಣ ತೆರೆದದ್ದೂ ಅದೇ ದಿನ.

ಸ್ಥಳ ಉಳಿಯಿತು, ಹಳಿ ಹೆಚ್ಚಿತು. ಆದರೆ ಇದರ ಭಾರ ಹೊತ್ತವರು ಕಮೆಯಾರಿ, ಕನಮಾಚಿಯ ಜನ. ವೇಗದ ರೈಲು ಅವರ ಊರಿನಲ್ಲಿ ನಿಲ್ಲುವುದಿಲ್ಲ. ನಿಂತ ಒಂದೇ ರೈಲು ಸುರಂಗಕ್ಕೆ ಹೋಗುತ್ತದೆ. ಉಯೆನೊಗೆ ಹೋಗಬೇಕಾದವರು ಕಿತಾ-ಸೆಂಜುವಿನಲ್ಲಿ ನೆಲದಡಿಯ ಚಿಯೊದಾ ಪ್ಲಾಟ್‌ಫಾರ್ಮಿನಿಂದ ನೆಲಮಟ್ಟದ ಜೆಆರ್ ಪ್ಲಾಟ್‌ಫಾರ್ಮಿಗೆ ಮೆಟ್ಟಿಲು ಹತ್ತಬೇಕು. ಹತ್ತಲು ಇಷ್ಟವಿಲ್ಲದೆ ನಿಶಿ-ನಿಪ್ಪೊರಿವರೆಗೆ ಕೂತರೆ ದುಡ್ಡು ಹೆಚ್ಚು. ರೈಲಿನ ಬಗ್ಗೆ ಬರೆಯುವ ಜಪಾನಿಯರು ಇದಕ್ಕೆ ‘ಮೇವಾಕು ನೊರಿಯಿರೆ’ ಎಂದೇ ಹೆಸರಿಟ್ಟಿದ್ದಾರೆ, ಪೀಡೆಯಾದ ನೇರ ಓಡಾಟ ಎಂಬ ಅರ್ಥದಲ್ಲಿ. ಅವರ ದೂರು ನ್ಯಾಯವಾದದ್ದೇ. ಮೊದಲಿದ್ದ ನೇರ ದಾರಿ ಅವರಿಗೆ ತಪ್ಪಿತು.

ಎರಡೂ ಖಾತೆಯಲ್ಲಿರುವ ಎರಡೂವರೆ ಕಿಲೋಮೀಟರ್

ಈಗ ದರದ ಲೆಕ್ಕ. ಇದನ್ನು ಹಿಡಿಯಲು ಆಟೋದ ಮಿನಿಮಂ ಚಾರ್ಜ್ ನೆನೆಯಿರಿ. ಒಂದೇ ಆಟೋದಲ್ಲಿ ಆರು ಕಿಲೋಮೀಟರ್ ಹೋದರೆ ಮಿನಿಮಂ ಒಮ್ಮೆ. ನಡುವೆ ಇಳಿದು ಇನ್ನೊಂದು ಆಟೋ ಹಿಡಿದರೆ ಮಿನಿಮಂ ಎರಡು ಬಾರಿ. ಜಪಾನಿನಲ್ಲಿ ಪ್ರತಿ ರೈಲು ಕಂಪನಿಗೂ ಇಂಥ ಮೊದಲ ದರ ಇದೆ. ನೇರ ಓಡಾಟದ ರೈಲಿನಲ್ಲಿ ನೀವು ಇಳಿಯದೇ ಇದ್ದರೂ ಗಡಿ ದಾಟಿದ ಕೂಡಲೇ ಎರಡನೇ ಆಟೋ ಹತ್ತಿದಂತೆ.

ಹಾಗಾದರೆ ಗಡಿ ಎಲ್ಲಿ? ಅಯಸೆ ಎಂದೆವು. ಆದರೆ ಅಯಸೆ–ಕಿತಾ-ಸೆಂಜು ನಡುವಿನ ಸುಮಾರು ಎರಡೂವರೆ ಕಿಲೋಮೀಟರಿಗೆ ಒಂದು ವಿಶೇಷ ನಿಯಮವಿದೆ. 1971ರಲ್ಲಿ ಹಳಿ ಬೇರೆಯಾದಾಗ ಸರ್ಕಾರಿ ರೈಲ್ವೆಯ ಉಳಿದ ಹಳಿಗೆ ಅಯಸೆಯಲ್ಲಿ ಪ್ಲಾಟ್‌ಫಾರ್ಮ್ ಇಲ್ಲದಾಯಿತು. ಅಲ್ಲಿ ಓಡುವ ವೇಗದ ರೈಲುಗಳು ಇಲ್ಲಿ ನಿಲ್ಲದೇ ಹೋಗುತ್ತವೆ. ನಿನ್ನೆಯವರೆಗೆ ಒಂದೇ ಟಿಕೆಟ್ಟಿನಲ್ಲಿ ಉಯೆನೊಗೆ ಹೋಗುತ್ತಿದ್ದವರು ಈ ತುಂಡಿಗೆ ಬೇರೆ ಕಂಪನಿಯ ದರ ಕೊಡಬೇಕಾದರೆ ಅನ್ಯಾಯವಲ್ಲವೇ? ಆದ್ದರಿಂದ ಹಳಿ ಮೆಟ್ರೋದ್ದಾದರೂ ಈ ತುಂಡನ್ನು ಜೆಆರ್ ಖಾತೆಯಲ್ಲೂ ಉಳಿಸಿಕೊಂಡರು.

ಫಲ ಹೀಗಿದೆ. ಅಯಸೆಯಿಂದ ಕಿತಾ-ಸೆಂಜುವಿಗೆ ಮಾತ್ರ ಹೋದರೆ ಜೆಆರ್ ದರ. ಕಮೆಯಾರಿಯಿಂದ ಹತ್ತಿ ಕಿತಾ-ಸೆಂಜುವಿನಲ್ಲಿ ಬದಲಾಯಿಸಿ ಜೆಆರ್ ವೇಗದ ರೈಲಿನಲ್ಲಿ ಉಯೆನೊಗೆ ಹೋದರೆ, ನಡುವೆ ಮೆಟ್ರೋ ಹಳಿಯ ಮೇಲೆ ಓಡಿದ್ದರೂ, ಇಡೀ ದಾರಿ ಜೆಆರ್ ಲೆಕ್ಕ, ಮಿನಿಮಂ ಒಮ್ಮೆ. ಅದೇ ಕಮೆಯಾರಿಯಿಂದ ಕೂತಲ್ಲೇ ಕೂತು ಕಿತಾ-ಸೆಂಜು ದಾಟಿ ಮಚಿಯಾಗೋ ಓತೆಮಾಚಿಗೋ ಹೋದರೆ, ಆ ತುಂಡು ಮತ್ತೆ ಮೆಟ್ರೋ ಖಾತೆಗೆ ಹೋಗುತ್ತದೆ. ಕಮೆಯಾರಿಯಿಂದ ಅಯಸೆವರೆಗೆ ಜೆಆರ್ ದರ, ಅಯಸೆಯಿಂದ ಮುಂದಕ್ಕೆ ಮೆಟ್ರೋ ದರ, ಎರಡೂ ಕೂಡಿಸಿ. ಒಂದೇ ಹಳಿ, ನೀವು ಎಲ್ಲಿಗೆ ಹೊರಟಿದ್ದೀರಿ ಎಂಬುದರ ಮೇಲೆ ಅದರ ಒಡೆಯ ಬದಲಾಗುತ್ತಾನೆ.

ಸುಯಿಕಾ ಅಥವಾ ಪಾಸ್ಮೊ ಕಾರ್ಡ್ ತಾಗಿಸಿ ಹೋಗುವವರಿಗೆ ನೀವು ಹೋದ ದಾರಿ ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ಕಿತಾ-ಸೆಂಜುವಿನಲ್ಲಿ ಚಿಯೊದಾ ಮತ್ತು ಜೆಆರ್ ವೇಗದ ಲೈನಿನ ನಡುವೆ ಗೇಟು ಇಲ್ಲ, ಹಾಗೇ ನಡೆದು ಹೋಗಬಹುದು. ನಿಶಿ-ನಿಪ್ಪೊರಿಯಲ್ಲಿ ಮಾತ್ರ ಮೆಟ್ರೋದಿಂದ ಜೆಆರ್‌ಗೆ ಹೋಗುವ ದಾರಿಯಲ್ಲೇ ಗೇಟು ಇದೆ. ಕಮೆಯಾರಿಯಲ್ಲಿ ತಾಗಿಸಿ ಉಯೆನೊ ಜೆಆರ್ ಗೇಟಿನಲ್ಲಿ ತಾಗಿಸಿದರೆ, ನಡುವೆ ಎಲ್ಲೂ ಗುರುತು ಬಿದ್ದಿಲ್ಲವಾದ್ದರಿಂದ, ಕಿತಾ-ಸೆಂಜು ಮೂಲಕ ಬಂದಿರಿ ಎಂದು ಲೆಕ್ಕ. ನಿಶಿ-ನಿಪ್ಪೊರಿಯ ನಡುಗೇಟಿನಲ್ಲಿ ತಾಗಿಸಿದಿರೋ, ನಡುವೆ ಮೆಟ್ರೋ ದರ ಬಂದು ಸೇರುತ್ತದೆ. ತಿಂಗಳ ಪಾಸಿಗೂ ಇದೇ ಎಚ್ಚರ ಬೇಕು. ಪಾಸಿನ ಮೇಲೆ ಕಿತಾ-ಸೆಂಜು ಮೂಲಕ ಜೆಆರ್ ದಾರಿ ಬರೆದಿದ್ದರೆ ನಿಶಿ-ನಿಪ್ಪೊರಿ ದಾರಿ ಅದರಲ್ಲಿ ಸೇರಿಲ್ಲ.

ದಿನದ ಪಾಸುಗಳಿಗೂ ಅಯಸೆಯೇ ಅಂಚು. ಟೋಕಿಯೊ ಮೆಟ್ರೋದ 24 ಗಂಟೆಯ ಟಿಕೆಟ್ ಅಯಸೆವರೆಗೆ ನಡೆಯುತ್ತದೆ, ಮುಂದಿನ ನಿಲ್ದಾಣ ಕಮೆಯಾರಿಗೆ ನಡೆಯುವುದಿಲ್ಲ. ರೈಲು ಅಲ್ಲಿಗೆ ಇಳಿಸದೆ ಕರೆದೊಯ್ದಿದ್ದರೂ ಬಾಕಿ ಕಟ್ಟಿಯೇ ಗೇಟಿನಿಂದ ಹೊರಬರಬೇಕು.

ಚಾಲಕ ಬದಲಾಗುವ ಗಳಿಗೆ

ರೈಲು ಬದಲಾಗುವುದಿಲ್ಲ, ಚಾಲಕ ಬದಲಾಗುತ್ತಾನೆ. ಪ್ರತಿ ಕಂಪನಿಯ ಚಾಲಕನಿಗೆ ತನ್ನ ಹಳಿಯ ತಿರುವು, ಇಳಿಜಾರು, ಸಿಗ್ನಲ್, ನಿಯಮ ಕರಗತ. ಇನ್ನೊಬ್ಬರ ಹಳಿಯ ಹೊಣೆ ಅವನದಲ್ಲ. ತೊರಿದೆ ಕಡೆಯಿಂದ ಬಂದ ರೈಲು ಅಯಸೆಯಲ್ಲಿ ನಿಲ್ಲುವ ಮೊದಲೇ ಮೆಟ್ರೋ ಚಾಲಕ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಚಾಲಕನ ಬಾಗಿಲು ಬಂದು ನಿಲ್ಲುವ ಜಾಗದಲ್ಲೇ, ಚೀಲ ಹಿಡಿದು ನಿಂತಿರುತ್ತಾನೆ. ಬಾಗಿಲು ತೆರೆಯುತ್ತದೆ, ಇಬ್ಬರೂ ಕೈಯೆತ್ತಿ ವಂದಿಸುತ್ತಾರೆ, ಇಳಿದವನು ರೈಲಿನ ಸ್ಥಿತಿ ಒಂದೆರಡು ಮಾತಿನಲ್ಲಿ ಹೇಳುತ್ತಾನೆ, ಹತ್ತಿದವನು ಫಲಕಗಳತ್ತ ಒಂದೊಂದಾಗಿ ಬೆರಳು ತೋರಿಸಿ ಬಾಯಿಬಿಟ್ಟು ಹೆಸರಿಸುತ್ತಾನೆ. ಕಣ್ಣು, ಬೆರಳು, ಬಾಯಿ, ಕಿವಿ ನಾಲ್ಕೂ ಸೇರಿದರೆ ತಪ್ಪು ಕಡಿಮೆ ಎಂಬುದು ಜಪಾನ್ ರೈಲ್ವೆಯ ಹಳೆಯ ಪಾಠ. ಜನ ಇಳಿದು ಹತ್ತುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ.

ಜೆಆರ್ ಭಾಗದಲ್ಲಿ 2021ರ ಮಾರ್ಚ್ 13ರಿಂದ ರೈಲಿನ ವೇಗ ಏರಿಸಿ ಇಳಿಸಿ ಗುರುತಿಗೆ ನಿಲ್ಲಿಸುವ ಕೆಲಸವನ್ನು ಎಟಿಒ ಎಂಬ ಯಂತ್ರವೇ ಮಾಡುತ್ತದೆ. ಜೆಆರ್ ಈಸ್ಟ್‌ನ ಮಾಮೂಲಿ ಲೈನುಗಳಲ್ಲಿ ಇದೇ ಮೊದಲು.

ಸೊನ್ನೆ ನಂಬರಿನ ಪ್ಲಾಟ್‌ಫಾರ್ಮ್

ಅಯಸೆಯಲ್ಲಿ 0 ಎಂಬ ಸಂಖ್ಯೆಯ ಪ್ಲಾಟ್‌ಫಾರ್ಮ್ ಇದೆ. ಇಲ್ಲಿಂದ 2.1 ಕಿಲೋಮೀಟರ್ ದೂರದ ಕಿತಾ-ಅಯಸೆಗೆ ಮೂರೇ ಬೋಗಿಯ ಪುಟ್ಟ ರೈಲು ಹೋಗಿಬರುತ್ತದೆ. ಆ ಕಡೆ ಮೆಟ್ರೋದ ದೊಡ್ಡ ಡಿಪೋ ಇದೆ. ಡಿಪೋಗೆ ಹೋಗುವ ಹಳಿಯಲ್ಲೇ 1979ರಲ್ಲಿ ಜನರಿಗೂ ನಿಲ್ದಾಣ ಕೊಟ್ಟರು. 2019ರ ಮಾರ್ಚ್ 16ರಿಂದ ಕಿತಾ-ಅಯಸೆಯ ಪ್ಲಾಟ್‌ಫಾರ್ಮ್ ಉದ್ದವಾಗಿ 10 ಬೋಗಿಯ ರೈಲುಗಳೂ ನಗರದಿಂದ ನೇರ ಅಲ್ಲಿಗೆ ಹೋಗುತ್ತಿವೆ.

ಇದರಿಂದ ಎಡವುವವರೂ ಇದ್ದಾರೆ. ನಗರದ ನಡುವೆ ಚಿಯೊದಾ ಲೈನಿನಲ್ಲಿ ಹತ್ತುವಾಗ ರೈಲಿನ ಹಣೆಯ ಮೇಲಿನ ಹೆಸರು ಓದಲೇಬೇಕು. ‘ಅಯಸೆ’ ಎಂದಿದ್ದರೆ ಬದುವಿನಲ್ಲೇ ನಿಲ್ಲುತ್ತದೆ. ‘ಕಿತಾ-ಅಯಸೆ’ ಎಂದಿದ್ದರೆ ಅಯಸೆ ದಾಟಿ ಡಿಪೋ ಕಡೆ ತಿರುಗುತ್ತದೆ. ಕಮೆಯಾರಿ, ಮತ್ಸುದೊ ಕಡೆ ಹೋಗುವವರು ‘ಮತ್ಸುದೊ’, ‘ಅಬಿಕೊ’ ಅಥವಾ ‘ತೊರಿದೆ’ ಎಂದಿರುವ ರೈಲು ಹಿಡಿಯಬೇಕು, ಇಲ್ಲದಿದ್ದರೆ ಅಯಸೆಯಲ್ಲಿ ಇಳಿದು ಕಾಯಬೇಕು. ತೊರಿದೆವರೆಗೆ ಹೋಗುವ ನಿಧಾನದ ರೈಲು ವಾರದ ದಿನಗಳ ಬೆಳಿಗ್ಗೆ ಸಂಜೆ ಮಾತ್ರ, ಉಳಿದ ಹೊತ್ತು ಅಬಿಕೊದಲ್ಲೇ ಕೊನೆ.

ತೊರಿದೆಯಿಂದ ಆಚೆಗೆ ಈ ರೈಲುಗಳು ಹೋಗದಿರುವುದಕ್ಕೂ ಕಾರಣವಿದೆ. ಇಬರಾಕಿ ಪ್ರಾಂತ್ಯದ ಕಕಿಯೊಕಾದಲ್ಲಿ ಭೂಮಿಯ ಕಾಂತಶಕ್ತಿ ಅಳೆಯುವ ವೀಕ್ಷಣಾಲಯ ಇದೆ. ಡಿಸಿ ಕರೆಂಟು ಹಳಿಯಿಂದ ನೆಲಕ್ಕೆ ಸೋರಿದರೆ ಅಳತೆ ಕೆಡುತ್ತದೆ. ಆದ್ದರಿಂದ ತೊರಿದೆ ದಾಟಿದ ಮೇಲೆ ತಂತಿಯಲ್ಲಿ ಎಸಿ, ಡಿಸಿಯಲ್ಲಿ ಓಡುವ ಈ ರೈಲುಗಳಿಗೆ ಅಲ್ಲಿ ದಾರಿಯಿಲ್ಲ.

ಕೆಟ್ಟಾಗ ಏನಾಗುತ್ತದೆ

ಮೂರು ಹಳಿ ಒಂದಾಗಿದ್ದರೆ ತೊಂದರೆಯೂ ಒಂದೇ. ಒದಾಕ್ಯು ಕಡೆ ಬಾಗಿಲು ಕೆಟ್ಟು ರೈಲು ನಿಂತರೆ ಅದರ ಬಿಸಿ ಸ್ವಲ್ಪ ಹೊತ್ತಿನಲ್ಲಿ ಕಮೆಯಾರಿಯಲ್ಲಿ ಕಾಯುತ್ತಿರುವವರಿಗೂ ತಟ್ಟುತ್ತದೆ. ವಿಳಂಬ ಹರಡದಂತೆ ಕಂಪನಿಗಳು ಮಾಡುವ ಮೊದಲ ಕೆಲಸ ನೇರ ಓಡಾಟ ನಿಲ್ಲಿಸುವುದು. ಫಲಕದಲ್ಲಿ ‘ಚೊಕುತ್ಸು ಉಂತೆನ್ ಚೂಶಿ’ ಎಂದು ಬಂದರೆ ಅರ್ಥ ಇದೇ. ಆಗ ಮೆಟ್ರೋ ರೈಲು ಅಯಸೆಯಲ್ಲೇ ತಿರುಗುತ್ತದೆ, ಜೆಆರ್ ರೈಲು ತನ್ನ ಕಡೆ ಓಡುತ್ತದೆ. ನೀವು ಅಯಸೆಯಲ್ಲಿ ಇಳಿದು, ಫಲಕ ನೋಡಿ, ಮುಂದಿನ ರೈಲು ಹತ್ತಬೇಕು. ಗೇಟಿನಿಂದ ಹೊರಗೆ ಹೋಗಬೇಕಾಗಿಲ್ಲ.

ರೈಲು ಪೂರ್ತಿ ನಿಂತರೆ ‘ಫುರಿಕಾಯೆ ಯುಸೋ’ ಎಂಬ ಬದಲಿ ವ್ಯವಸ್ಥೆ ಜಾರಿಗೆ ಬರುತ್ತದೆ. ನಿಮ್ಮಲ್ಲಿರುವ ಟಿಕೆಟ್ಟು ಅಥವಾ ತಿಂಗಳ ಪಾಸಿನಲ್ಲೇ, ಹೆಚ್ಚು ದುಡ್ಡು ಕೊಡದೆ, ಗೊತ್ತುಪಡಿಸಿದ ಬೇರೆ ಕಂಪನಿಯ ದಾರಿಯಲ್ಲಿ ಸುತ್ತಿ ಹೋಗಬಹುದು. ಆದರೆ ಕಾರ್ಡಿನಲ್ಲಿ ದುಡ್ಡು ತುಂಬಿಸಿ ತಾಗಿಸುತ್ತ ಹೋಗುವವರಿಗೆ ಈ ಸೌಲಭ್ಯ ಇಲ್ಲ. ಅವರು ಮೊದಲೇ ಎಲ್ಲಿಗೆ ಎಂದು ಕೊಂಡಿಲ್ಲ, ಇಳಿದಾಗಲೇ ಅವರ ದರ ತೀರ್ಮಾನವಾಗುವುದು. ಸುತ್ತಿ ಹೋದ ದಾರಿಯ ದರ ಪೂರ್ತಿ ಅವರ ಕಾರ್ಡಿನಿಂದಲೇ ಕಡಿತವಾಗುತ್ತದೆ. ಟೋಕಿಯೊಗೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು ಇಂಥ ಕಾರ್ಡೇ. ಆದ್ದರಿಂದ ರೈಲು ನಿಂತ ದಿನ ಸುತ್ತು ದಾರಿ ಹಿಡಿಯುವ ಮೊದಲು ಗೇಟಿನ ಬಳಿಯ ಸಿಬ್ಬಂದಿಯನ್ನು ಕೇಳಿ, ಎಷ್ಟು ಹೊತ್ತಿಗೆ ರೈಲು ಮತ್ತೆ ಶುರುವಾಗಬಹುದು ಎಂದು ತಿಳಿದುಕೊಳ್ಳಿ.